ಇದು ಶ್ರುತಿಯೋ ಸ್ಮೃತಿಯೋ? ವಿಂಗಡಿಸುವಾಗ ಎಡವುವ ಜಾಗಗಳು

ಶ್ರುತಿ ಎಂದರೆ ವೇದ. ಅದರ ಭಾಗಗಳನ್ನು ಸಂಹಿತೆ (ಮಂತ್ರಗಳ ಸಂಗ್ರಹ), ಬ್ರಾಹ್ಮಣ (ಯಜ್ಞವಿಧಿಯ ವಿವರಣೆ), ಆರಣ್ಯಕ, ಉಪನಿಷತ್ತು ಎಂದು ಬಾಯಿಪಾಠ ಮಾಡಿದವರು ಇವನ್ನು ನಾಲ್ಕು ಬೇರೆ ಪುಸ್ತಕಗಳೆಂದು ತಿಳಿಯುವುದುಂಟು. ಗೊಂದಲ ಹುಟ್ಟುವುದೇ ಅಲ್ಲಿ. ಸೂತ್ರಕಾರ ಆಪಸ್ತಂಬರು ವೇದಕ್ಕೆ ಕೊಟ್ಟ ಲಕ್ಷಣ ಚಿಕ್ಕದು: ಮಂತ್ರ ಮತ್ತು ಬ್ರಾಹ್ಮಣ ಸೇರಿ ವೇದ. ಆರಣ್ಯಕ, ಉಪನಿಷತ್ತುಗಳು ಹೆಚ್ಚಾಗಿ ಬ್ರಾಹ್ಮಣದ ತುದಿಗೆ ಅಂಟಿಕೊಂಡ ಭಾಗಗಳು. ಬೃಹದಾರಣ್ಯಕ ಇರುವುದು ಶತಪಥ ಬ್ರಾಹ್ಮಣದ ಕೊನೆಯ ಕಾಂಡದಲ್ಲಿ. ತೈತ್ತಿರೀಯೋಪನಿಷತ್ತು ತೈತ್ತಿರೀಯ ಆರಣ್ಯಕದ 7, 8, 9ನೇ ಪ್ರಪಾಠಕ (ಅಧ್ಯಾಯದಂಥ ವಿಭಾಗ). ಈಶಾವಾಸ್ಯ ಮಾತ್ರ ಸಾಲು ಮುರಿದು ನೇರ ಸಂಹಿತೆಯಲ್ಲೇ ಕೂತಿದೆ: ಶುಕ್ಲ ಯಜುರ್ವೇದದ ವಾಜಸನೇಯಿ ಸಂಹಿತೆಯ 40ನೇ, ಅಂದರೆ ಕೊನೆಯ ಅಧ್ಯಾಯ.

ಹಾಗಾಗಿ ಯಾವ ಭಾಗ ಕೈಗೆ ಬಂದರೂ ಮೊದಲು ವೇದ, ಆಮೇಲೆ ಶಾಖೆ (ಆ ವೇದದ ಪಾಠಪರಂಪರೆ), ಆಮೇಲೆ ಅದರೊಳಗಿನ ಜಾಗ ಗುರುತಿಸಿ. ಮನೆಗಳಲ್ಲಿ ಹೇಳುವ ರುದ್ರವನ್ನೇ ತೆಗೆದುಕೊಳ್ಳಿ. ಅದರ ಎರಡು ಭಾಗಗಳಲ್ಲಿ ನಮಕ ಇರುವುದು ತೈ.ಸಂ. (ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆ) 4.5ರಲ್ಲಿ, ಚಮಕ 4.7ರಲ್ಲಿ. ಮೊದಲಂಕೆ ಕಾಂಡ, ಎರಡನೆಯದು ಪ್ರಪಾಠಕ, ಮೂರನೆಯದು ಬಂದರೆ ಅನುವಾಕ. ಎರಡರಲ್ಲೂ ಹನ್ನೊಂದು ಹನ್ನೊಂದು ಅನುವಾಕ. ಋಗ್ವೇದದಲ್ಲಿ ಇನ್ನೊಂದು ತೊಡಕು. 10.90 ಎಂದರೆ ಮಂಡಲ, ಸೂಕ್ತ (ಪುರುಷಸೂಕ್ತ). ಆದರೆ ಅದೇ ಸಂಹಿತೆಗೆ 8 ಅಷ್ಟಕ, 64 ಅಧ್ಯಾಯಗಳ ಲೆಕ್ಕವೂ ಉಂಟು. ನಿಮ್ಮ ಪ್ರತಿ ಯಾವ ಲೆಕ್ಕದ್ದೆಂದು ನೋಡದೆ ಹುಡುಕಿದರೆ ಸಂಖ್ಯೆ ತಾಳೆಯಾಗುವುದಿಲ್ಲ.

ಋಷಿಗಳು ಸ್ಮರಿಸಿ ರಚಿಸಿದ್ದು ಸ್ಮೃತಿ: ಧರ್ಮಶಾಸ್ತ್ರ, ಇತಿಹಾಸ, ಪುರಾಣ, ಕಲ್ಪಸೂತ್ರ. ವೇದಾಂಗ (ವೇದಾಧ್ಯಯನಕ್ಕೆ ನೆರವಾಗುವ ಶಾಸ್ತ್ರ) ಎಂಬ ಹೆಸರು ಕೇಳಿ ಪಾಣಿನಿಯ ವ್ಯಾಕರಣಸೂತ್ರಗಳನ್ನು ಶ್ರುತಿಗೆ ಸೇರಿಸಬೇಡಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಕಳೆಯುವುದು ಮಾತ್ರ ಗೀತೆ. ಅಧ್ಯಾಯದ ಕೊನೆಯಲ್ಲಿ 'ಭಗವದ್ಗೀತಾಸೂಪನಿಷತ್ಸು' ಎಂದಿದ್ದರೂ ಅದಿರುವುದು ಮಹಾಭಾರತದ ಭೀಷ್ಮಪರ್ವದಲ್ಲಿ; ಆದ್ದರಿಂದ ಸ್ಮೃತಿ. ಬ್ರಹ್ಮಸೂತ್ರದ 'ಸ್ಮೃತೇಶ್ಚ' (1.2.6) ಎಂಬಲ್ಲಿ ಶಂಕರರು ಉದಾಹರಿಸುವುದೂ ಗೀತೆಯ 18.61ನ್ನೇ.

ಶ್ರುತಿ, ಸ್ಮೃತಿ ಎರಡೂ ಜಗಳವಾಡಿದರೆ? ಜೈಮಿನಿಯ ಮೀಮಾಂಸಾಸೂತ್ರ 1.3.3ರ ಪ್ರಕಾರ ವಿರೋಧ ಬಂದಾಗ ಸ್ಮೃತಿಯನ್ನು ಬಿಡಬೇಕು. ವಿರೋಧವಿಲ್ಲದಿದ್ದರೆ ಅದರ ಹಿಂದೆ ಶ್ರುತಿಮೂಲ ಇದೆಯೆಂದು ಊಹಿಸಬೇಕು. ಸೂತ್ರದ ಈ ಎರಡನೇ ಅರ್ಧವನ್ನು ಬರೆಯದೆ ಬಿಡುವವರೇ ಹೆಚ್ಚು. ಸ್ಮೃತಿಗೆ ಬಲ ಬರುವುದು ಅದರಿಂದಲೇ.

ಆಗಮಗಳನ್ನು ಈ ಎರಡು ಗೂಡಿಗೆ ತುರುಕಲು ಹೋಗದೆ ಪ್ರತ್ಯೇಕ ಬರೆಯುವುದೇ ಕ್ಷೇಮ. ದೇವಾಲಯದ ಪೂಜಾವಿಧಿ ನಿಂತಿರುವುದು ಇವುಗಳ ಮೇಲೆ: ಮೇಲುಕೋಟೆಯಲ್ಲಿ ಪಾಂಚರಾತ್ರ ಆಗಮ, ತಿರುಮಲೆಯಲ್ಲಿ ವೈಖಾನಸ ಆಗಮ.