ಮ್ಯಾಮತ್ ದಂತದ ಮೇಲಿನ ಚಿತ್ರ ತರಿಸಿಕೊಂಡರೆ ತಪ್ಪೇನು?

ಓದುಗರ ಪ್ರಶ್ನೆ: ದಂತದ ಮೇಲೆ ಬಿಡಿಸಿದ ಒಂದು ಪುಟ್ಟ ಚಿತ್ರವನ್ನು ಆನ್‌ಲೈನ್‌ನಲ್ಲಿ ನೋಡಿದೆ. ಆನೆಯದ್ದಲ್ಲ, ಮ್ಯಾಮತ್ (ಆನೆಯ ಹತ್ತಿರದ ಸಂಬಂಧಿ, ಈಗ ಅಳಿದುಹೋದ ಪ್ರಾಣಿ) ದಂತ ಅಂತ ಬರೆದಿದ್ದಾರೆ. ಆ ಪ್ರಾಣಿ ಸತ್ತು ಸಾವಿರಾರು ವರ್ಷ ಆಯ್ತು, ಈ ಚಿತ್ರಕ್ಕಾಗಿ ಯಾರೂ ಅದನ್ನು ಬೇಟೆಯಾಡಿಲ್ಲ. ತರಿಸಿಕೊಂಡರೆ ತಪ್ಪೇನು? ಅಷ್ಟಕ್ಕೂ ದಂತದ ಮೇಲೇ ಯಾಕೆ ಬಿಡಿಸಬೇಕು?

ಉತ್ತರ: ಭಾರತಕ್ಕೆ ತರಿಸಬೇಡಿ. ಇಲ್ಲಿ ಅದರ ವ್ಯಾಪಾರಕ್ಕೆ ನಿಷೇಧ ಇದೆ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು, ಮೊದಲು ಅದನ್ನೇ ನೋಡೋಣ.

ದಂತದ ಮೇಲೇ ಬಿಡಿಸುವುದು ಬೆಳಕಿಗಾಗಿ. ಕಾಗದದ ಮೇಲೆ ಬಿದ್ದ ಬೆಳಕು ಹೆಚ್ಚುಕಮ್ಮಿ ಮೇಲಿಂದಲೇ ವಾಪಸ್ ಬರುತ್ತದೆ. ತೆಳ್ಳಗೆ ಕೊಯ್ದ ದಂತದಲ್ಲಿ ಅದು ಬಣ್ಣವನ್ನು ದಾಟಿ ಒಂಚೂರು ಒಳಗಿಳಿದು ಆಮೇಲೆ ಹೊರಬರುತ್ತದೆ. ನಮ್ಮ ಚರ್ಮದಲ್ಲೂ ಹಾಗೇ ಆಗುತ್ತದೆ. ಅದಕ್ಕೇ ದಂತದ ಮೇಲೆ ಬರೆದ ಮುಖ ಉಸಿರಾಡುವಂತೆ ಕಾಣುತ್ತದೆ. ಕೆನ್ನೆಯ ಹೊಳಪಿಗೆ ಬಿಳಿ ಬಣ್ಣ ಹಚ್ಚದೆ, ಆ ಜಾಗವನ್ನು ಹಾಗೇ ಖಾಲಿ ಬಿಡುತ್ತಿದ್ದ ಚಿತ್ರಗಾರರಿದ್ದರು. ಕೆಲವರು ಹಿಂಬದಿಗೆ ಹೊಳೆಯುವ ತೆಳು ರೇಕು ಇಟ್ಟು ಮುಖಕ್ಕೆ ಇನ್ನಷ್ಟು ಕಳೆ ತರುತ್ತಿದ್ದರು.

ಯುರೋಪಿನಲ್ಲಿ ಈ ದಾರಿ ತೆರೆದವರು ವೆನಿಸ್‌ನ ರೊಸಾಲ್ಬಾ ಕರಿಯೇರಾ. 1700ರ ಆಸುಪಾಸಿನಲ್ಲಿ ನಶ್ಯದ ಡಬ್ಬಿಯ ಮುಚ್ಚಳಕ್ಕೆ ದಂತದ ಮೇಲೆ ಚಿತ್ರ ಬರೆದರು. ಅದಕ್ಕೂ ಮುಂಚೆ ಇಂಥ ಪುಟಾಣಿ ಚಿತ್ರಗಳನ್ನು ಹದಮಾಡಿದ ತೊಗಲಿನ ಮೇಲೆ ಬರೆಯುತ್ತಿದ್ದರು. 19ನೇ ಶತಮಾನದ ಹೊತ್ತಿಗೆ ನಮ್ಮ ದೆಹಲಿಯ ಚಿತ್ರಗಾರರೂ ದಂತದ ಬಿಲ್ಲೆಗಳ ಮೇಲೆ ತಾಜ್ ಮಹಲ್, ಮೊಘಲ್ ದೊರೆಗಳು, ಬೇಗಂಗಳನ್ನು ಬರೆದು ಯುರೋಪಿಯನ್ನರಿಗೆ ಮಾರುತ್ತಿದ್ದರು.

ಬರೆಯುವುದು ಮಾತ್ರ ಬಹಳ ಕಷ್ಟ. ದಂತ ಕಾಗದದ ಹಾಗೆ ನೀರು ಹೀರುವುದಿಲ್ಲ, ಮೇಲಾಗಿ ಅದರಲ್ಲಿ ಜಿಡ್ಡಿದೆ. ಮೊದಲು ಪ್ಯೂಮಿಸ್ ಕಲ್ಲಿನ ಪುಡಿ ಹಾಕಿ ಉಜ್ಜಿ ಮೈಯನ್ನು ಸ್ವಲ್ಪ ತರಿತರಿ ಮಾಡಬೇಕು, ಜಿಡ್ಡು ತೆಗೆಯಬೇಕು. ಹಿಂದೆ ಇದಕ್ಕೆ ಬೆಳ್ಳುಳ್ಳಿ, ವಿನೆಗರ್ ಕೂಡ ಬಳಸುತ್ತಿದ್ದರು. ಆಮೇಲೆ ಗೋಂದು ಬೆರೆಸಿದ ವಾಟರ್ ಕಲರ್. ಒದ್ದೆ ಬ್ರಷ್ಷನ್ನು ಎರಡನೇ ಸಲ ಎಳೆದರೆ ಮೊದಲು ಹಚ್ಚಿದ ಬಣ್ಣವೇ ಎದ್ದು ಬರುತ್ತದೆ. ಹಾಗಾಗಿ ಎಳೆಯುವಂತಿಲ್ಲ, ಚುಕ್ಕಿ ಇಡಬೇಕು. ಒಂದು ಕೆನ್ನೆಗೆ ಸಾವಿರಾರು ಚುಕ್ಕಿ. ಭೂತಗನ್ನಡಿ ಹಿಡಿದು ನೋಡಿದರೆ ಗುಲಾಬಿ, ನೀಲಿ, ಕಂದು ಚುಕ್ಕಿಗಳು ಬೇರೆಬೇರೆಯಾಗಿ ಕಾಣುತ್ತವೆ. ಭೂತಗನ್ನಡಿ ತೆಗೆದರೆ ಮತ್ತೆ ಅದೇ ನುಣುಪು ಕೆನ್ನೆ.

ಇದರಲ್ಲಿ ಮ್ಯಾಮತ್ ಎಲ್ಲಿಂದ ಬಂತು? ಆಫ್ರಿಕಾದ ಆನೆಗಳನ್ನು ದಂತಕ್ಕಾಗಿ ಕೊಲ್ಲುವುದು ಮಿತಿಮೀರಿದಾಗ, 1989ರಲ್ಲಿ ಆನೆ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ಈ ತಡೆ ಮ್ಯಾಮತ್‌ಗೆ ಅನ್ವಯಿಸಲಿಲ್ಲ. ಸೈಬೀರಿಯಾದ ಯಾಕುಟಿಯಾದಲ್ಲಿ ಸದಾ ಹೆಪ್ಪುಗಟ್ಟಿರುವ ನೆಲದಿಂದ ಮ್ಯಾಮತ್ ದಂತಗಳು ಸಿಗುತ್ತವೆ. ಸಾವಿರಾರು ವರ್ಷ ಮಣ್ಣಲ್ಲಿದ್ದ ಕಾರಣ ಹೊರಪದರ ಕಂದಾಗಿರುತ್ತದೆ, ಕೆಲವೊಮ್ಮೆ ಖನಿಜ ಸೇರಿ ನೀಲಿ. ಗಡಿಬಿಡಿಯಲ್ಲಿ ಒಣಗಿಸಿದರೆ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಒಳಗಿನ ಗಟ್ಟಿ, ಕೆನೆಬಣ್ಣದ ಭಾಗ ಚಿತ್ರಕ್ಕೆ ಒದಗುತ್ತದೆ. ಸತ್ತ ಪ್ರಾಣಿಯದ್ದಾದರೂ ಇದನ್ನು ತೆಗೆಯುವ ಕೆಲಸದಿಂದ ಹಾನಿ ಇದ್ದೇ ಇದೆ. ಕೆಲವು ಕಡೆ ಪಂಪ್ ಹಚ್ಚಿ ಜೋರಾಗಿ ನೀರು ಹಾಯಿಸಿ ನದಿದಂಡೆಗಳನ್ನೇ ಕೊರೆಯುತ್ತಾರೆ. ಆ ಕೆಸರೆಲ್ಲ ನದಿಗೆ ಸೇರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ತೊಡಕು ಇರುವುದು ಅದು ನಿಜಕ್ಕೂ ಮ್ಯಾಮತ್ ದಂತವೇ ಅಂತ ಗುರುತು ಹಿಡಿಯುವುದರಲ್ಲಿ. ದಂತವನ್ನು ಅಡ್ಡಕ್ಕೆ ಕೊಯ್ದರೆ ಜಾಲರಿಯಂಥ ಸಣ್ಣ ಗೆರೆಗಳು ಕಾಣುತ್ತವೆ. ಹೊರಅಂಚಿನ ಹತ್ತಿರ ಅವು ಒಂದನ್ನೊಂದು ದಾಟುವ ಕೋನ ಮ್ಯಾಮತ್‌ನಲ್ಲಿ ಸಾಮಾನ್ಯವಾಗಿ 90 ಡಿಗ್ರಿಗಿಂತ ಕಡಿಮೆ, ಆನೆಯಲ್ಲಿ 115ಕ್ಕಿಂತ ಜಾಸ್ತಿ. ತಜ್ಞರು ಇದರಿಂದಲೇ ಗುರುತು ಹಿಡಿಯುತ್ತಾರೆ. ಚಿತ್ರಕ್ಕೆ ಬಳಸುವ ಹಾಳೆಯನ್ನು ಸಾಮಾನ್ಯವಾಗಿ ಉದ್ದಕ್ಕೆ ಸೀಳಿರುತ್ತಾರೆ. ಅದರಲ್ಲಿ ಈ ಜಾಲರಿ ಕಾಣುವುದಿಲ್ಲ. ಮೇಲೆ ಬಣ್ಣ, ಹಿಂದೆ ಕಾಗದ, ಸುತ್ತ ಚೌಕಟ್ಟು. ಮಾರುವವರ ಮಾತೊಂದೇ ನಿಮ್ಮ ಕೈಲಿರುವ ಸಾಕ್ಷಿ. ನಿನ್ನೆ ಮೊನ್ನೆ ಕೊಂದ ಆನೆಯ ದಂತಕ್ಕೆ ಮ್ಯಾಮತ್ ಅನ್ನುವ ಚೀಟಿ ಅಂಟಿಸುವುದು ಎಷ್ಟು ಸುಲಭ ಅಲ್ವಾ?

ಹೊರದೇಶದಿಂದ ತಂದ ದಂತದ ವ್ಯಾಪಾರವನ್ನು ನಮ್ಮ ವನ್ಯಜೀವಿ ಕಾಯ್ದೆ 1991ರ ತಿದ್ದುಪಡಿಯಲ್ಲೇ ನಿಷೇಧಿಸಿತ್ತು. ಮ್ಯಾಮತ್ ಆನೆಯಲ್ಲ, ಅಳಿದ ಪ್ರಾಣಿ, ನಮಗೆ ಬಿಡಿ ಎಂದು ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟ್ ಒಪ್ಪಲಿಲ್ಲ. ಎಲ್ಲ ಬಗೆಯ ದಂತವನ್ನೂ ತಡೆದರೆ ಮಾತ್ರ ಆನೆಬೇಟೆಗೆ ಕಡಿವಾಣ ಬೀಳುತ್ತದೆ ಎನ್ನುವುದೇ ಕಾಯ್ದೆಯ ಉದ್ದೇಶ ಎಂದಿತು. ನನಗಂತೂ ಇದು ಸರಿಯಾದ ತೀರ್ಪು ಅನ್ನಿಸುತ್ತದೆ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ವೀರಪ್ಪನ್ ಕಾಲದಲ್ಲಿ ನಮ್ಮ ಕಾಡಿನ ಸಲಗಗಳಿಗೆ ಏನಾಯಿತು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈ ಕಲೆ ಕಲಿಯುವ ಆಸೆ ಇದ್ದರೆ ಖಂಡಿತ ಕಲಿಯಿರಿ. ಇಂಗ್ಲೆಂಡಿನ ಮಿನಿಯೇಚರ್ ಚಿತ್ರಗಾರರು ಐವರೀನ್, ಪಾಲಿಮಿನ್ ಎನ್ನುವ ಕೃತಕ ಹಾಳೆ ಬಳಸುತ್ತಾರೆ. ರಾಜಸ್ಥಾನದಲ್ಲಿ ಒಂಟೆಯ ಮೂಳೆಯ ಮೇಲೆ ಬಿಡಿಸುತ್ತಾರೆ. ಹತ್ತಿರದಿಂದ ನೋಡಿದರೆ ಮೂಳೆಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀರು ಕಾಣುತ್ತವೆ. ನಮ್ಮ ಮೈಸೂರಿನ ಬೀಟೆಮರದ ಕೆತ್ತನೆಯವರೂ ಹಿಂದೆ ದಂತ ಕೂರಿಸುತ್ತಿದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಕೂರಿಸುತ್ತಾರೆ. ಹಳೆಯ ದಂತ ಹೇಗಿರುತ್ತದೆ ಅಂತ ನೋಡಬೇಕಾದರೆ ಮೈಸೂರು ಅರಮನೆಗೆ ಹೋದಾಗ ಅಂಬಾವಿಲಾಸದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಡುಬಣ್ಣದ ಮರದ ನಡುವೆ ಆ ದಂತದ ಬಳ್ಳಿ, ಹೂವು ಈಗಲೂ ಬೆಳಕು ಹಿಡಿದುಕೊಂಡೇ ಇವೆ.