ಒಂದು ವಿಮಾನ ಹ್ಯಾಂಗರ್ ಸೇರಿದರೆ ಅರ್ಧ ಕಂಪನಿ ನಿಂತಂತೆ

ದಾವಣಗೆರೆಯ ಜಿಎಂಐಟಿ ಕಾಲೇಜಿನ ಹೆಲಿಪ್ಯಾಡ್‌ನಲ್ಲಿ ಗಣ್ಯರನ್ನು ತಂದಿಳಿಸುವ ಹೆಲಿಕಾಪ್ಟರ್ ಹೆಚ್ಚಿನ ಸಲ ಬಾಡಿಗೆಯದು. ಅದರ ಹಿಂದೆ ಒಂದು ಚಾರ್ಟರ್ ಕಂಪನಿ ಇರುತ್ತದೆ. ಊರಿಗೊಂದು ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆಯೂ ಇಲ್ಲಿ ಬಹಳ ದಿನದ್ದು. 2023ರ ಫೆಬ್ರುವರಿ 27ರಂದು ಶಿವಮೊಗ್ಗ ನಿಲ್ದಾಣ ಉದ್ಘಾಟನೆಯಾದ ಮೇಲೆ ಆ ದನಿ ಇನ್ನಷ್ಟು ಗಟ್ಟಿಯಾಯಿತು. ಆದರೆ ನಿಲ್ದಾಣ ಆದ ಮೇಲೆ ಇಲ್ಲಿಗೆ ಹಾರಿಸುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ನಮ್ಮಂಥ ಊರಿಗೆ ಮೊದಲು ಬರಬಹುದಾದದ್ದು 9ರಿಂದ 19 ಸೀಟಿನ ವಿಮಾನ. ಅಂಥವನ್ನು ಇಟ್ಟುಕೊಂಡಿರುವ ಕಂಪನಿಗಳ ಸ್ಥಿತಿ ಚೆನ್ನಾಗಿಲ್ಲ.

ಕರ್ನಾಟಕಕ್ಕೆ ಈ ಕಥೆ ಹೊಸದಲ್ಲ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೆಂಗಳೂರಿನಿಂದ ಶುರು ಮಾಡಿದ ಡೆಕ್ಕನ್ ಏವಿಯೇಷನ್, 1997ರಿಂದ ಹೆಲಿಕಾಪ್ಟರ್ ಚಾರ್ಟರ್ ನಡೆಸುತ್ತಿತ್ತು. ಅದರಿಂದಲೇ 2003ರಲ್ಲಿ ಏರ್ ಡೆಕ್ಕನ್ ಹುಟ್ಟಿತು. 2008ರಲ್ಲಿ ಅದು ಕಿಂಗ್‌ಫಿಷರ್ ಜೊತೆ ವಿಲೀನವಾಯಿತು. ಚಾರ್ಟರ್ ವಿಭಾಗ ಮಾತ್ರ ಬೇರೆಯಾಗಿ ಉಳಿದುಕೊಂಡಿತು. ಸಣ್ಣ ಊರುಗಳಿಗೆ ವಿಮಾನ ತಲುಪಿಸುವ ಕೇಂದ್ರದ ಉಡಾನ್ ಯೋಜನೆ ಬಂದಾಗ ಆ ವಿಭಾಗವೇ ಏರ್ ಡೆಕ್ಕನ್ ಎಂಬ ಹಳೆಯ ಹೆಸರಿನಲ್ಲಿ ಮತ್ತೆ ಕಣಕ್ಕಿಳಿದು, 2017ರ ಡಿಸೆಂಬರ್‌ನಲ್ಲಿ ಹಾರಾಟ ಆರಂಭಿಸಿತು. ಬೀಚ್‌ಕ್ರಾಫ್ಟ್ 1900ಡಿ ಅದರ ವಿಮಾನ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ನಡುವೆ, ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಗೆ ಕಳಿಸಿ ಅದು ಹಾರಾಟ ನಿಲ್ಲಿಸಿತು.

ಕೊರೊನಾ ಕೊನೆಯ ಏಟಷ್ಟೇ. ತೊಂದರೆ ಬೇರಿನಲ್ಲೇ ಇತ್ತು. ಉಡಾನ್‌ನ ಮೊದಲ ಸುತ್ತಿನಲ್ಲಿ ಹಂಚಿದ 128 ಮಾರ್ಗಗಳ ಪೈಕಿ 50 ಏರ್ ಒಡಿಶಾಕ್ಕೆ, 34 ಡೆಕ್ಕನ್‌ಗೆ ಹೋದವು. ಇಬ್ಬರೂ ನೆಚ್ಚಿಕೊಂಡದ್ದು 1900ಡಿಯನ್ನು. ಅಮೆರಿಕದ ಕಾರ್ಖಾನೆ ಆ ವಿಮಾನ ತಯಾರಿಸುವುದನ್ನು 2002ರಲ್ಲೇ ನಿಲ್ಲಿಸಿತ್ತು. ಅಂದರೆ ಮೂರರಲ್ಲಿ ಎರಡು ಪಾಲು ಮಾರ್ಗಗಳು, ತಯಾರಿಕೆ ನಿಂತು ಹದಿನೈದು ವರ್ಷವಾಗಿದ್ದ ವಿಮಾನವನ್ನು ನಂಬಿಕೊಂಡಿದ್ದವು. ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರವನ್ನು 2,500 ರೂಪಾಯಿಗೆ ಕಟ್ಟಿಹಾಕಿ, ನಷ್ಟ ತುಂಬಿಕೊಡುವ ಅವಧಿಯನ್ನು ಮೂರು ವರ್ಷಕ್ಕೆ ಸೀಮಿತಗೊಳಿಸಲಾಗಿತ್ತು. ಹಳೆಯ ವಿಮಾನದ ದೊಡ್ಡ ಖರ್ಚು ಅಷ್ಟು ಬೇಗ ಮುಗಿಯುವಂಥದ್ದಲ್ಲ.

ವಿಮಾನ ಹಳೆಯದಾಗುವುದನ್ನು ವರ್ಷದಿಂದಷ್ಟೇ ಅಳೆಯುವುದಿಲ್ಲ. ಹಾರಿದ ಗಂಟೆಯದು ಒಂದು ಲೆಕ್ಕ, ಏರಿ ಇಳಿದ ಸಲದ್ದು ಇನ್ನೊಂದು. ಕ್ಯಾಬಿನ್‌ಗೆ ಗಾಳಿ ತುಂಬಿದಾಗಲೆಲ್ಲ ಮೈತಗಡು ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತುಹೋಯಿತು. 19 ವರ್ಷದ ಆ ವಿಮಾನ ಅಷ್ಟರಲ್ಲಿ 89,680 ಸಲ ಏರಿ ಇಳಿದಿತ್ತು. ತಗಡುಗಳನ್ನು ಕೂಡಿಸುವ ರಿವೆಟ್ ಸಾಲಿನುದ್ದಕ್ಕೂ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಅಲ್ಲಿಂದಾಚೆಗೇ ಹಳೆಯ ವಿಮಾನಗಳಿಗೆ ಪ್ರತ್ಯೇಕ ತಪಾಸಣೆಯ ಕಾನೂನು ಬಂದದ್ದು. ನಮ್ಮ ಚಾರ್ಟರ್‌ನವರ ವಿಮಾನಗಳು ಗಿಡ್ಡ ಹಾರಾಟದವು. ಗಂಟೆ ಕಡಿಮೆ, ಇಳಿತ ಹೆಚ್ಚು.

ಕಿಂಗ್ ಏರ್ ಬಿ200 ಈ ವ್ಯವಹಾರದಲ್ಲಿ ಬಹಳ ಬಳಕೆಯಲ್ಲಿರುವ ಅವಳಿ ಎಂಜಿನ್ ವಿಮಾನ. ಅದನ್ನೇ ತೆಗೆದುಕೊಳ್ಳಿ. ಪ್ರತಿ 200 ಗಂಟೆಗೊಂದು ಹಂತದ ತಪಾಸಣೆ; ನಾಲ್ಕು ಹಂತ ಮುಗಿದರೆ ಒಂದು ಸುತ್ತು. ಲ್ಯಾಂಡಿಂಗ್ ಗೇರ್‌ನ (ಚಕ್ರದ ಚೌಕಟ್ಟಿನ) ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸರಿಪಡಿಸುವುದು, 6 ವರ್ಷಕ್ಕೆ ಅಥವಾ 8,000 ಇಳಿತಕ್ಕೆ, ಯಾವುದು ಮೊದಲೋ ಅದಕ್ಕೆ. ಅದರ ಪಿಟಿ6ಎ ಎಂಜಿನ್‌ಗೆ 3,600 ಗಂಟೆಗೆ ಪೂರ್ತಿ ಓವರ್‌ಹಾಲ್, ಸಾಮಾನ್ಯವಾಗಿ 1,800ರ ಆಸುಪಾಸಿನಲ್ಲಿ ಉರಿಭಾಗದ (ಇಂಧನ ಉರಿಯುವ, ಅದರ ಬಿಸಿ ಹಾಯುವ ಭಾಗದ) ತಪಾಸಣೆ. ಈ ಪಟ್ಟಿಯ ಖರ್ಚನ್ನು ಮೊದಲೇ ಲೆಕ್ಕ ಹಾಕಿಡಬಹುದು. ಕಂಪನಿಯನ್ನು ಮುಳುಗಿಸುವುದು ಪಟ್ಟಿಯಲ್ಲಿ ಇಲ್ಲದ್ದು. ನೆಲದ ತಗಡು ಎತ್ತಿದಾಗ ಕೆಳಗೆ ಕಾಣುವ ತುಕ್ಕು, ಪುಲ್ಲಿಯ ಬಳಿ ಎಳೆ ಬಿಟ್ಟ ಕಂಟ್ರೋಲ್ ಕೇಬಲ್, ಹೊದಿಕೆ ಸೀಳಿದ ವೈರು, ರೆಕ್ಕೆಯೊಳಗೆ ಜಿನುಗುವ ಇಂಧನ ಚೀಲ. 10 ದಿನಕ್ಕೆಂದು ಬಿಚ್ಚಿದ ವಿಮಾನ ಮೂರು ತಿಂಗಳು ಹ್ಯಾಂಗರ್ ಬಿಟ್ಟು ಹೊರಬರದಿರುವುದು ಹೀಗೆ.

ನಮ್ಮ ಕಡೆಯ ಬಿಸಿಲಿಗೂ ಇದರಲ್ಲಿ ಪಾಲಿದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನ ಮಧ್ಯಾಹ್ನ 38 ಡಿಗ್ರಿ ಇದ್ದಾಗ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ವಿಮಾನದ ಪಾಲಿಗೆ ಅದು ಸುಮಾರು 1,600 ಮೀಟರ್ ಎತ್ತರದ ಊರು; ಕೆಮ್ಮಣ್ಣುಗುಂಡಿಗಿಂತ ಮೇಲೆ. ಬಿ200ರ ಪಿಟಿ6ಎ-42 ಎಂಜಿನ್‌ನಲ್ಲಿ ಟರ್ಬೈನ್ ನಡುವಿನ ಉಷ್ಣತೆ 800 ಡಿಗ್ರಿ ದಾಟುವಂತಿಲ್ಲ. ಹೊಸ ಎಂಜಿನ್‌ಗೆ ಆ ಮಿತಿ ಇನ್ನೂ ದೂರ ಇರುವಾಗಲೇ ಬೇಕಾದ ಶಕ್ತಿ ಸಿಗುತ್ತದೆ. ಸವೆದದ್ದು ಶಕ್ತಿಗೆ ಮೊದಲೇ ಮಿತಿಯನ್ನು ಮುಟ್ಟುತ್ತದೆ, ಪೈಲಟ್ ಲಿವರ್ ಹಿಂದಕ್ಕೆಳೆಯಬೇಕಾಗುತ್ತದೆ. ಆಗ ಮೊದಲು ಎಂಜಿನ್‌ಗೆ ಗಾಳಿ ಒತ್ತಿಕೊಡುವ ಕಂಪ್ರೆಸರ್ ತೊಳೆದು ನೋಡುತ್ತಾರೆ, ಧೂಳು ಕೂತಿದ್ದರೆ ಅಷ್ಟಕ್ಕೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಇಂಧನ ನಾಝಲ್ ಬಿಚ್ಚಿ, ಆ ತೂತಿನಿಂದ ಕೊಳವೆ ಕ್ಯಾಮೆರಾದಂಥ ಬೋರೋಸ್ಕೋಪ್ ಇಳಿಸಿ ಉರಿಕೋಣೆಯನ್ನೂ ಅದರಾಚೆ ಬಿಸಿಗಾಳಿಗೆ ದಾರಿ ತೋರುವ ವೇನ್‌ಗಳನ್ನೂ ನೋಡುತ್ತಾರೆ. ಅಲ್ಲಿ ಬಿರುಕೋ ಸುಟ್ಟ ಅಂಚೋ ಕಂಡರೆ ಉರಿಭಾಗ ಬಿಚ್ಚಲೇಬೇಕು. ಅಲ್ಲಿಯತನಕ ಇಬ್ಬರು ಪ್ರಯಾಣಿಕರನ್ನೋ ಅಷ್ಟು ತೂಕದ ಇಂಧನವನ್ನೋ ಬಿಟ್ಟು ಹಾರಬೇಕು.

ಹಣ ಕಡಿಮೆಯಾದಾಗ ಕೆಲಸವನ್ನು ಹೊರಗಿನವರಿಗೆ ಕೊಡುವುದು, ಅವಸರ ಮಾಡುವುದು ಶುರುವಾಗುತ್ತದೆ. ನಿಜವಾದ ಭಯ ಇರುವುದು ಇಲ್ಲಿ. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ ಒಂದು 1900ಡಿ ಏಳುತ್ತಲೇ ಮೂಗೆತ್ತಿ ಬಿದ್ದು, ಒಳಗಿದ್ದ 21 ಜನರೂ ಸತ್ತರು. ಹಿಂದಿನ ತಪಾಸಣೆಯಲ್ಲಿ ಬಾಲದಲ್ಲಿದ್ದು ಮೂಗನ್ನು ಏರಿಳಿಸುವ ಎಲಿವೇಟರ್‌ನ ಕೇಬಲ್ ಬಿಗಿ ಮಾಡುವಾಗ ಗುತ್ತಿಗೆಯ ಮೆಕ್ಯಾನಿಕ್ ಕೈಪಿಡಿಯ ಕೆಲವು ಹಂತಗಳನ್ನು ಬಿಟ್ಟಿದ್ದರು. ಮೂಗು ತಗ್ಗಿಸುವ ಚಲನೆ ಅರ್ಧದಷ್ಟು ಕಡಿಮೆಯಾಗಿತ್ತು. ಪ್ರಯಾಣಿಕರ ತೂಕವನ್ನು ಹಳೆಯ ಸರಾಸರಿಯಲ್ಲಿ ಲೆಕ್ಕ ಹಾಕಿದ್ದರಿಂದ ಭಾರ ಹೆಚ್ಚಾಗಿ ಹಿಂದಕ್ಕೂ ಸರಿದಿತ್ತು. ಆ ವಿಮಾನಕ್ಕಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಕಟ್ಟುನಿಟ್ಟಾಗಿ ನೋಡಿಕೊಂಡ 30 ವರ್ಷದ ವಿಮಾನವನ್ನು, ಅವಸರದಲ್ಲಿ ಮುಗಿಸಿದ 10 ವರ್ಷದ ವಿಮಾನಕ್ಕಿಂತ ಹೆಚ್ಚು ನಂಬಬಹುದು.

ಹಾಗಾದರೆ ಸಣ್ಣ ಕಂಪನಿ ಬೀಳುವುದೇಕೆ? ದಾವಣಗೆರೆ–ಚಿತ್ರದುರ್ಗ ಮಾರ್ಗದ ಖಾಸಗಿ ಬಸ್ ಮಾಲೀಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ಬಸ್ಸಿನವರಿಗೆ ಒಂದು ಗ್ಯಾರೇಜಿಗೆ ಹೋದರೆ ಟ್ರಿಪ್ ಹೊಂದಿಸಬಹುದು, ಎರಡೇ ಬಸ್ಸಿನವರಿಗೆ ಅರ್ಧ ಸಂಪಾದನೆ ಹೋಯಿತು. ಬಸ್ಸಿನ ಕ್ಲಚ್ ಪ್ಲೇಟ್ ಪಿ.ಬಿ. ರಸ್ತೆಯಲ್ಲೇ ಸಿಗುತ್ತದೆ. ವಿಮಾನದ ಬಿಡಿಭಾಗ ಹೊರದೇಶದಿಂದ ಕಸ್ಟಮ್ಸ್ ದಾಟಿ ಬರಬೇಕು, ಜೊತೆಗೆ ಅದರ ಪ್ರಮಾಣಪತ್ರ ಇರಬೇಕು. ಕಾಗದವಿಲ್ಲದ ಭಾಗ ಎಷ್ಟು ಹೊಸದಾಗಿದ್ದರೂ ಗುಜರಿಗೇ ಸಮ. ಈ ಮಧ್ಯೆ ಪೈಲಟ್ ಸಂಬಳ, ಸಿಮ್ಯುಲೇಟರ್ ತರಬೇತಿ, ವಿಮೆ, ಹ್ಯಾಂಗರ್ ಬಾಡಿಗೆ ಯಾವುದೂ ನಿಲ್ಲುವುದಿಲ್ಲ. ಕೊನೆಗೆ ನಿಂತ ವಿಮಾನದ ಭಾಗ ಬಿಚ್ಚಿ ಓಡುವುದಕ್ಕೆ ಹಾಕುತ್ತಾರೆ. ದಾಖಲೆ ಸರಿಯಿದ್ದರೆ ಅದು ತಪ್ಪಲ್ಲ. ಆದರೆ ಹಾಗೆ ಬಿಚ್ಚಿದ ವಿಮಾನ ಮತ್ತೆ ಹಾರುವುದು ಅಪರೂಪ.

ಬದಲಿಗೆ ಏನು ತರಬೇಕು ಎಂಬುದಕ್ಕೂ ಸಲೀಸು ಉತ್ತರವಿಲ್ಲ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ರೂಪಿಸಿದ ಸಣ್ಣ ವಿಮಾನ ಸರಸ್ 2004ರಲ್ಲಿ ಮೊದಲು ಹಾರಿತು. 2009ರಲ್ಲಿ ಬಿಡದಿ ಬಳಿ ಬಿದ್ದು ಮೂವರು ಸತ್ತರು, 2018ರಲ್ಲಿ ಮತ್ತೆ ಹಾರಾಟ ಶುರುವಾಯಿತು. ಎಚ್‌ಎಎಲ್‌ನ 19 ಸೀಟಿನ ಡಾರ್ನಿಯರ್ 228 ಈಶಾನ್ಯದಲ್ಲಿ ಅಲಯನ್ಸ್ ಏರ್‌ಗಾಗಿ 2022ರಲ್ಲಿ ಹಾರಾಟ ಶುರು ಮಾಡಿತು. ಅಮೆರಿಕದ ಸೆಸ್ನಾ ಸ್ಕೈಕೊರಿಯರ್ ಕೂಡ ಅದೇ ಗಾತ್ರದ್ದು. ಇವೆರಡರ ಕ್ಯಾಬಿನ್‌ಗೂ ಗಾಳಿ ಒತ್ತಡ ಇಲ್ಲ. ಹಾಗಾಗಿ ಮಳೆಗಾಲದ ಮೋಡದ ಮೇಲೆ ಹಾರಲಾಗದೆ ನಡುವೆಯೇ ಕುಲುಕಿಕೊಂಡು ಬರಬೇಕು. ದಾವಣಗೆರೆ–ಬೆಂಗಳೂರಿನಂಥ ಸಣ್ಣ ದೂರಕ್ಕೆ ಅದನ್ನು ಒಪ್ಪಿಕೊಳ್ಳುವುದೇ ಜಾಣತನ.

ಸದ್ಯಕ್ಕೆ ಮದುವೆಗೋ ರೋಗಿಯನ್ನು ಸಾಗಿಸಲಿಕ್ಕೋ ಇಲ್ಲಿಂದ ಚಾರ್ಟರ್ ಗೊತ್ತು ಮಾಡುವವರು ಒಂದು ಮಾತು ತಿಳಿದಿರಬೇಕು. ತಮ್ಮ ವಿಮಾನ ಕೆಟ್ಟು ನಿಂತಾಗ ಕಂಪನಿಗಳು ಬೇರೆಯವರ ವಿಮಾನ ಕಳಿಸುವುದುಂಟು. ಖಾಸಗಿ ಬಳಕೆಗೆ ನೋಂದಾಯಿಸಿದ ವಿಮಾನ ಬಾಡಿಗೆಗೆ ಹಾರುವಂತಿಲ್ಲ, ಹಾರಿದರೆ ವಿಮೆಯೂ ಕೈಕೊಡಬಹುದು. ಬಾಲದ ಬಳಿ ‘ವಿಟಿ’ಯಿಂದ ಶುರುವಾಗುವ ನೋಂದಣಿ ಅಕ್ಷರಗಳಿರುತ್ತವೆ. ಅದೇ ನೋಂದಣಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಕಂಪನಿಗೆ ಕೊಟ್ಟ ಪರವಾನಗಿಯಲ್ಲಿ ಇದೆಯೇ, ಹಾರಾಟ ಯೋಗ್ಯತೆಯ ಪರಿಶೀಲನಾ ಪತ್ರದ ಅವಧಿ ಮುಗಿದಿಲ್ಲವೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಹಾರುವ ದಿನ ಬೇರೆ ಅಕ್ಷರದ ವಿಮಾನ ಬಂದು ನಿಂತರೆ, ಅದರ ಕಾಗದವನ್ನೂ ತೋರಿಸಿ ಎನ್ನಿ.