ಎಂಟು ಸಾಲು, ಒಂದು ಬದು

ಗದಗಿನ ಎರೆಹೊಲದಲ್ಲಿ ಈರುಳ್ಳಿಗೆ ಕಳೆ ತೆಗೆಯುವಾಗ ಎಂಟು ಹೆಣ್ಣುಮಕ್ಕಳು ಎಂಟು ಸಾಲು ಹಿಡಿದು ಒಟ್ಟಿಗೆ ಹೊರಡುತ್ತಾರೆ. ಜೇಕು ದಟ್ಟವಾಗಿರುವ ಸಾಲು ಸಿಕ್ಕವಳು ಹಿಂದೆ ಬೀಳುತ್ತಾಳೆ. ಉಳಿದವರು ಬದು ಮುಟ್ಟಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕಾಯುತ್ತಾರೆ. ಅವಳು ಬಂದ ಮೇಲೆಯೇ ಹೊಸ ಸಾಲು. ಹುಬ್ಬಳ್ಳಿಯಲ್ಲಿ ಚಿಪ್ ವಿನ್ಯಾಸ ಕಲಿಯುವ ಹುಡುಗರಿಗೆ ಸಮಾಂತರ ಸಿಮ್ಯುಲೇಶನ್ ವಿವರಿಸುವಾಗ ನಾನು ಈ ಹೊಲದಿಂದಲೇ ಶುರು ಮಾಡುತ್ತೇನೆ.

ಚಿಪ್ಪನ್ನು ಅಚ್ಚುಹಾಕುವ ಮೊದಲು ಅದರ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಓಡಿಸಿ ತಪ್ಪು ಹುಡುಕಬೇಕು; ಇದೇ ಸಿಮ್ಯುಲೇಶನ್. 1994ರಲ್ಲಿ ಪೆಂಟಿಯಂ ಚಿಪ್ಪಿನ ಭಾಗಾಕಾರದ ಕೋಷ್ಟಕದಲ್ಲಿ ಐದು ನಮೂದುಗಳು ಬಿಟ್ಟುಹೋಗಿದ್ದು ಬಯಲಾಯಿತು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರುವ ಬದಲು 1.33374 ಬರುತ್ತಿತ್ತು. ಇಂಟೆಲ್ ಅದಕ್ಕೆ 47.5 ಕೋಟಿ ಡಾಲರ್ ತೆತ್ತಿತು.

ಆದರೆ ಈ ಹುಡುಕಾಟ ಬಹಳ ನಿಧಾನ. ಚಿಪ್ಪಿನೊಳಗೆ ಸೊನ್ನೆ-ಒಂದುಗಳ ಲೆಕ್ಕ ಮಾಡುವ ಪುಟ್ಟ ಗೇಟ್‌ಗಳೆಲ್ಲ ಒಮ್ಮೆಲೇ ದುಡಿಯುತ್ತವೆ, ಸಿಮ್ಯುಲೇಟರ್ ಅವುಗಳನ್ನು ಒಂದೊಂದಾಗಿ ಲೆಕ್ಕಹಾಕಬೇಕು. ಒಳಗಿನ ಗಡಿಯಾರ ಸೆಕೆಂಡಿಗೆ ನೂರು ಕೋಟಿ ಸಲ ಮಿಡಿಯುವ ಚಿಪ್ಪನ್ನು ಸೆಕೆಂಡಿಗೆ ಹತ್ತು ಸಾವಿರ ಮಿಡಿತದಂತೆ ಓಡಿಸಿದರೆ, ಅದರ ಒಂದು ಸೆಕೆಂಡಿಗೆ ನಮ್ಮ ಸುಮಾರು 28 ಗಂಟೆ ಬೇಕು.

ಹಾಗಾದರೆ ಕಂಪ್ಯೂಟರಿನ ಪ್ರೊಸೆಸರಿನಲ್ಲಿ ಬಿಡಿಬಿಡಿಯಾಗಿ ದುಡಿಯುವ ಎಂಟು ಕೋರ್‌ಗಳಿಗೆ ಹಂಚಿಬಿಡಬಹುದಲ್ಲ? ಹಂಚಬಹುದು. ಓಪನ್‌ ಸೋರ್ಸ್ ಸಿಮ್ಯುಲೇಟರ್ ಆದ ವೆರಿಲೇಟರ್ 2018ರಿಂದ ಈ ಸೌಲಭ್ಯ ಕೊಟ್ಟಿದೆ. ಆದರೆ ಪ್ರತಿ ಮಿಡಿತವೂ ಒಂದು ಬದು. ಕೊನೆಯ ಕೋರ್ ತನ್ನ ಪಾಲು ಮುಗಿಸುವವರೆಗೆ ಮುಂದಿನ ಮಿಡಿತವಿಲ್ಲ. ಸಣ್ಣ ವಿನ್ಯಾಸವಾದರೆ ಲೆಕ್ಕಕ್ಕಿಂತ ಕಾಯುವುದಕ್ಕೇ ಹೆಚ್ಚು ಹೊತ್ತು ಹೋಗಿ, ಎಂಟು ಕೋರ್ ಒಂದಕ್ಕಿಂತ ನಿಧಾನವಾಗುವುದೂ ಉಂಟು. ಮೊದಲ ಸಲ ಇದನ್ನು ಕಣ್ಣಾರೆ ಕಂಡ ಹುಡುಗರು ನಂಬುವುದೇ ಇಲ್ಲ, ಮತ್ತೆ ಮತ್ತೆ ಓಡಿಸಿ ನೋಡುತ್ತಾರೆ.

ಆದ್ದರಿಂದ ನಿಜವಾದ ಜಾಣತನವಿರುವುದು ಹೊಲವನ್ನು ಎಲ್ಲಿ ಸೀಳಬೇಕೆಂಬುದರಲ್ಲಿ. ಎರಡು ಪಾಲುಗಳ ನಡುವೆ ಹಾಯುವ ತಂತಿಗಳು ಕಡಿಮೆಯಾದಷ್ಟೂ ಒಬ್ಬರನ್ನೊಬ್ಬರು ಕೇಳಬೇಕಾದ ಮಾತು ಕಡಿಮೆ. ನನಗೆ ಬಹಳ ಇಷ್ಟವಾದ ಉಪಾಯವೊಂದಿದೆ: ಗಡಿಯಲ್ಲಿರುವ ಅದೇ ಲೆಕ್ಕವನ್ನು ಎರಡೂ ಕೋರ್‌ಗಳು ಬೇರೆಬೇರೆಯಾಗಿ ಮಾಡಿಕೊಳ್ಳುವುದು. ಕೆಲಸ ಎರಡು ಪಟ್ಟಾಯಿತು ಎನ್ನಿಸಿದರೂ, ಪಕ್ಕದವಳನ್ನು ಕೇಳಿ ಉತ್ತರಕ್ಕೆ ಕಾಯುವುದಕ್ಕಿಂತ ತಾನೇ ಮಾಡಿ ಮುಗಿಸುವುದು ಬೇಗ.

ಉಳಿದದ್ದು ಸಾಲುಗಳ ಹಂಚಿಕೆ. ವಿನ್ಯಾಸವನ್ನು ಒಮ್ಮೆ ಓಡಿಸಿ, ಯಾವ ತುಂಡಿಗೆ ಎಷ್ಟು ಹೊತ್ತಾಯಿತೆಂದು ಅಳೆದು, ಅದರಂತೆ ಪಾಲು ಮರುಹಂಚುತ್ತಾರೆ. ಹೊಲದಲ್ಲಿ ಅಳೆಯುವವರು ಯಾರೂ ಇಲ್ಲ. ಬದು ಮುಟ್ಟಿದವಳು ತಿರುಗಿ ನೋಡಿ, ಜೇಕಿನ ಸಾಲಿಗೆ ಈ ಕಡೆಯಿಂದ ಕೈಹಚ್ಚುತ್ತಾಳೆ.